ತಟ್ಟೆಯಲ್ಲಿ ಗೆದ್ದ ಬ್ಯಾಕ್ಟೀರಿಯಾ ಕಡಲೆಯ ಬೇರಿನಲ್ಲಿ ಸೋತದ್ದೇಕೆ?

ಎರೆಹೊಲ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಸೂಕ್ಷ್ಮಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ಗದಗ ಜಿಲ್ಲೆಯ ನಮ್ಮ ಎರೆಹೊಲದ ಕಡಲೆ ಗಿಡಗಳ ಬೇರಿಗೆ ಅಂಟಿದ ಮಣ್ಣಿನಿಂದ 13 ಬ್ಯಾಕ್ಟೀರಿಯಾ ತಳಿಗಳನ್ನು ಬೇರ್ಪಡಿಸಿ, ಅವುಗಳಲ್ಲಿ ಯಾವುದು ಹೆಚ್ಚು ಸಿಡೆರೋಫೋರ್ (ಕಬ್ಬಿಣವನ್ನು ಹಿಡಿದು ತರಲು ಸೂಕ್ಷ್ಮಜೀವಿಗಳು ಹೊರಬಿಡುವ ಅಣು) ತಯಾರಿಸುತ್ತದೆ ಎಂದು ನೋಡಲು ಕ್ರೋಮ್ ಅಜುರಾಲ್ ಎಸ್ ಎಂಬ ಬಣ್ಣ ಬೆರೆಸಿದ ನೀಲಿ ಅಗರ್ ತಟ್ಟೆಗಳಲ್ಲಿ ಬೆಳೆಸಿದೆ. 7ನೆಯ ತಳಿಯ ಸುತ್ತ ಎರಡೇ ದಿನಗಳಲ್ಲಿ ಅಗಲವಾದ ಕಿತ್ತಳೆ ಬಳೆ ಮೂಡಿತು. 11ನೆಯ ತಳಿಯ ಬಳೆಯನ್ನು ಕಣ್ಣು ಕಿರಿದುಮಾಡಿ ನೋಡಬೇಕಿತ್ತು. ಕಿಂಗ್ಸ್ ಬಿ ಮಾಧ್ಯಮದಲ್ಲಿ ಬೆಳೆಸಿ ಯು.ವಿ. ದೀಪದ ಕೆಳಗಿಟ್ಟಾಗ ಎರಡೂ ಹಸಿರು-ಹಳದಿಯಾಗಿ ಹೊಳೆದವು. ಹಾಗಾಗಿ ಎರಡೂ ಹೊಳೆಯುವ ಸ್ಯೂಡೋಮೊನಾಸ್ ಗುಂಪಿಗೆ ಸೇರಿದವು ಎಂದು ಭಾವಿಸಿದ್ದೇನೆ.

ಮುಂದೆ, ನೆಟೆ ರೋಗಕ್ಕೆ ಬೇಗ ತುತ್ತಾಗುವ ಜೆಜಿ-62 ಕಡಲೆಯನ್ನು, ಆ ರೋಗ ತರುವ ಫ್ಯುಸೇರಿಯಂ ಶಿಲೀಂಧ್ರ ಬೆರೆಸಿದ ಹೊಲದ ಮಣ್ಣಿನ ಕುಂಡಗಳಲ್ಲಿ ಬೆಳೆಸಿ, ಬೀಜಗಳಿಗೆ ಈ ತಳಿಗಳನ್ನು ಲೇಪಿಸಿದೆ. ದೊಡ್ಡ ಬಳೆಯ 7ನೆಯ ತಳಿ ಇದ್ದ ಕುಂಡಗಳಲ್ಲಿ ಏನೂ ಲೇಪಿಸದ ಕುಂಡಗಳಷ್ಟೇ ಗಿಡಗಳು ಸೊರಗಿದವು. ಚಿಕ್ಕ ಬಳೆಯ 11ನೆಯ ತಳಿ ಇದ್ದಲ್ಲಿ ಮಾತ್ರ ರೋಗ ಎದ್ದು ಕಾಣುವಷ್ಟು ಕಡಿಮೆಯಾಯಿತು. ಇದನ್ನು ಎರಡು ಬಾರಿ ಮಾಡಿ ನೋಡಿದೆ. ನನ್ನ ಮಾರ್ಗದರ್ಶಕರು ಲೇಬಲ್ ಅದಲುಬದಲಾಗಿರಬೇಕು ಎನ್ನುತ್ತಿದ್ದಾರೆ. ಆಗಿಲ್ಲ.

ನನ್ನ ಪ್ರಶ್ನೆಗಳು ಮೂರು. ಹೆಚ್ಚು ಸಿಡೆರೋಫೋರ್ ಬಿಡುವ ತಳಿ ಬೇರಿನ ಬಳಿ ಏಕೆ ಸೋಲಬೇಕು? ಬ್ಯಾಕ್ಟೀರಿಯಾಗಳು ಕಬ್ಬಿಣವನ್ನು ಅಷ್ಟು ಬಿಗಿಯಾಗಿ ಹಿಡಿದಿಟ್ಟುಕೊಂಡರೆ ಶಿಲೀಂಧ್ರದ ಜೊತೆಗೆ ಕಡಲೆ ಗಿಡವೂ ಉಪವಾಸ ಬೀಳುವುದಿಲ್ಲವೇ? ಇವೆರಡಕ್ಕೂ ಹಿಂದಿನ ಪ್ರಶ್ನೆ ಇನ್ನೊಂದು: ಮಣ್ಣಿನ ತುಂಬ ಕಬ್ಬಿಣವೇ ಇರುವಾಗ ಅದಕ್ಕಾಗಿ ಇಷ್ಟೊಂದು ಹೊಡೆದಾಟ ಏಕೆ?

---

ಮಣ್ಣುಮಾತು

ನಾನು ಮಣ್ಣುವಿಜ್ಞಾನ ಕಲಿಸುವವನು. ನಿಮ್ಮ ಮೂರನೆಯ ಪ್ರಶ್ನೆ ಬಗೆಹರಿಯದೆ ಮೊದಲೆರಡಕ್ಕೆ ನೆಲೆ ಸಿಗುವುದಿಲ್ಲವಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ಶೇ. 5ರಷ್ಟು ಕಬ್ಬಿಣವಿದೆ. ಆಮ್ಲಜನಕ, ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಬಿಟ್ಟರೆ ನಾಲ್ಕನೆಯ ಸ್ಥಾನ ಅದರದೇ. ಆದರೆ ಗಾಳಿಯಾಡುವ ಮಣ್ಣಿನಲ್ಲಿ ಅದು ಫೆರಿಕ್ ರೂಪದಲ್ಲಿ, ಅಂದರೆ ತುಕ್ಕಿನ ಬಳಗದ ಆಕ್ಸೈಡ್ ಮತ್ತು ಹೈಡ್ರಾಕ್ಸೈಡ್‌ಗಳಾಗಿ ಕುಳಿತಿರುತ್ತದೆ. ಇವು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ರಸಸಾರ (ಪಿಎಚ್) ಒಂದು ಅಂಕ ಏರಿದರೆ, ಕರಗಿದ ಸ್ವತಂತ್ರ ಫೆರಿಕ್ ಅಯಾನಿನ ಪ್ರಮಾಣ ಸಾವಿರ ಪಟ್ಟು ಇಳಿಯುತ್ತದೆ.

ರಸಸಾರ 7 ಇರುವಾಗ ಒಂದು ಲೀಟರ್ ನೀರಿನಲ್ಲಿ, ಯಾವುದಕ್ಕೂ ಅಂಟದ ಫೆರಿಕ್ ಅಯಾನುಗಳು ಸುಮಾರು 6 ಲಕ್ಷ ಮಾತ್ರ ಇರುತ್ತವೆ. ಇದು ದೊಡ್ಡ ಸಂಖ್ಯೆಯಂತೆ ಕಾಣಬಹುದು, ಆದರೆ ಒಂದೇ ಒಂದು ಬ್ಯಾಕ್ಟೀರಿಯಾ ಕೋಶ ಎರಡಾಗಬೇಕಾದರೆ ಲಕ್ಷದಿಂದ ಹತ್ತು ಲಕ್ಷದವರೆಗೆ ಕಬ್ಬಿಣದ ಪರಮಾಣುಗಳು ಬೇಕು. ಹಾಗೆಂದರೆ ಇಡೀ ಒಂದು ಲೀಟರ್ ನೀರು ಒಂದು ಕೋಶದ ಒಂದು ಹೊತ್ತಿನ ಊಟಕ್ಕೂ ಸಾಲದಿರಬಹುದು, ಆದರೆ ಬೇರಿಗೆ ಅಂಟಿದ ಒಂದು ಗ್ರಾಂ ಮಣ್ಣಿನಲ್ಲಿ ಕೋಟಿಗಟ್ಟಲೆ ಕೋಶಗಳು ವಾಸಿಸುತ್ತವೆ. ಕರಗಿದ ಹೈಡ್ರಾಕ್ಸೈಡ್ ರೂಪಗಳನ್ನು ಲೆಕ್ಕಕ್ಕೆ ಸೇರಿಸಿದರೂ ಅಗತ್ಯಕ್ಕಿಂತ ಸಾವಿರಾರು ಪಟ್ಟು ಕಡಿಮೆಯೇ ಉಳಿಯುತ್ತದೆ.

ನಿಮ್ಮ ಎರೆಮಣ್ಣಿನ ರಸಸಾರ 8ರ ಮೇಲಿರುವುದು ಸಾಮಾನ್ಯ, ಜೊತೆಗೆ ಅದರಲ್ಲಿ ಸುಣ್ಣದ ಹರಳುಗಳಿರುತ್ತವೆ. ಬೇರು ಆಮ್ಲ ಸ್ರವಿಸಿ ಕಬ್ಬಿಣವನ್ನು ಕರಗಿಸಲು ಯತ್ನಿಸಿದರೆ ಆ ಸುಣ್ಣ ಮತ್ತು ಬೈಕಾರ್ಬೊನೇಟ್ ಅಲ್ಲಲ್ಲೇ ಆಮ್ಲವನ್ನು ನುಂಗಿಹಾಕುತ್ತವೆ. ಅದಕ್ಕಾಗಿಯೇ ಕಬ್ಬಿಣ ಸಮೃದ್ಧವಾಗಿರುವ ಹೊಲದಲ್ಲೂ ಶೇಂಗಾ ಮತ್ತು ಕಡಲೆಯ ಎಳೆಯ ಎಲೆಗಳು ನರಗಳನ್ನಷ್ಟೇ ಹಸಿರಾಗಿ ಉಳಿಸಿಕೊಂಡು ಹಳದಿಯಾಗುತ್ತವೆ. ಇದಕ್ಕೆ ತದ್ವಿರುದ್ಧ ಚಿತ್ರ ಕರಾವಳಿಯ ತಗ್ಗು ಗದ್ದೆಗಳಲ್ಲಿ ಕಾಣಸಿಗುತ್ತದೆ. ನೀರು ನಿಂತು ಆಮ್ಲಜನಕ ಮುಗಿದಾಗ ಫೆರಿಕ್ ಕಬ್ಬಿಣ ಫೆರಸ್ ಆಗಿ ಕರಗಿ, ಭತ್ತಕ್ಕೆ ಅದೇ ವಿಷವಾಗುವುದೂ ಉಂಟು. ಅಂಥ ಗದ್ದೆಯ ಕಬ್ಬಿಣದ ಕಥೆಯನ್ನು ತಂದು ಎರೆಹೊಲಕ್ಕೆ ಹೊಂದಿಸಬಾರದು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಈ ತಪ್ಪನ್ನು ನಾನು ಪ್ರತಿ ವರ್ಷ ತಿದ್ದುತ್ತೇನೆ.

---

ಕಾಲೊನಿ

ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಉದ್ದವಾಗಿದೆ. ಎರಡು ದಶಕಗಳಿಂದ ಇವೇ ಸ್ಯೂಡೋಮೊನಾಸ್‌ಗಳನ್ನು ಬೆಳೆಸುತ್ತಿರುವ ಅನುಭವದ ಮೇಲೆ ಹೇಳುವುದಾದರೆ, ನಿಮ್ಮ ಲೇಬಲ್‌ಗಳು ಅದಲುಬದಲಾಗಿವೆ ಎಂದುಕೊಳ್ಳಲು ಕಾರಣವಿಲ್ಲ. ನೀವು ಅಳೆದದ್ದು ಒಂದು, ಕುಂಡದಲ್ಲಿ ನಡೆದದ್ದು ಇನ್ನೊಂದು.

ಶ್ವಿನ್ ಮತ್ತು ನೀಲ್ಯಾಂಡ್ಸ್ 1987ರಲ್ಲಿ ಪ್ರಕಟಿಸಿದ ಈ ನೀಲಿ ತಟ್ಟೆಯ ವಿಧಾನ ಸರಳ. ಬಣ್ಣಕ್ಕೆ ಅಂಟಿಕೊಂಡ ಕಬ್ಬಿಣವನ್ನು ಬೇರೆ ಯಾವುದಾದರೂ ಕಿತ್ತುಕೊಂಡರೆ ನೀಲಿ ಹೋಗಿ ಕಿತ್ತಳೆ ಬರುತ್ತದೆ. ಕಿತ್ತುಕೊಂಡದ್ದು ಎಷ್ಟು ದೂರ ಹರಡಿತು ಎಂಬುದನ್ನು ಬಳೆಯ ಅಗಲ ತೋರಿಸುತ್ತದೆಯೇ ಹೊರತು, ಕಿತ್ತ ಕಬ್ಬಿಣ ಯಾರ ಹೊಟ್ಟೆ ಸೇರಿತು ಎಂಬುದನ್ನಲ್ಲ. ತಟ್ಟೆಯಲ್ಲಿ ನಿಮ್ಮ ತಳಿ ಒಂಟಿಯಾಗಿದೆ, ಎದುರಾಳಿ ಯಾರೂ ಇಲ್ಲ. ಮಾಧ್ಯಮದ ರಸಸಾರ 6.8ರ ಸುಮಾರಿನಲ್ಲಿದೆ, ನಿಮ್ಮ ಹೊಲದ ಮಣ್ಣಿಗೆ ಆ ಸೌಲಭ್ಯವಿಲ್ಲ. ಸಿಟ್ರಿಕ್‌ನಂಥ ಸಾವಯವ ಆಮ್ಲಗಳನ್ನು ಧಾರಾಳವಾಗಿ ಸ್ರವಿಸುವ ತಳಿಯೂ ಬಳೆ ತೋರಿಸಿ ಮೋಸಮಾಡಬಲ್ಲದು.

ಈಗ ಆ ಹಸಿರು-ಹಳದಿ ಹೊಳಪನ್ನು ನೋಡೋಣ. ಅದು ಪಯೋವರ್ಡಿನ್ ಎಂಬ ಸಿಡೆರೋಫೋರ್‌ನದು. ಕೋಶಗಳನ್ನು ಸೋಸಿ ತೆಗೆದ ದ್ರವವನ್ನು ಗಾಜಿನ ನಳಿಕೆಯಲ್ಲಿ ಯು.ವಿ. ದೀಪದೆದುರು ಹಿಡಿದು, ಒಂದೆರಡು ಹನಿ ತೆಳು ಫೆರಿಕ್ ಕ್ಲೋರೈಡ್ ಬಿಡಿ. ಹನಿ ಬಿದ್ದಲ್ಲಿಂದ ಹೊಳಪು ನಂದುತ್ತಾ ಕೆಳಗಿಳಿದು, ದ್ರವ ಕಂದುಗೆಂಪಾಗುತ್ತದೆ. ಕಬ್ಬಿಣ ಹಿಡಿದ ಪಯೋವರ್ಡಿನ್ ಹೊಳೆಯುವುದಿಲ್ಲ. ಆದ್ದರಿಂದ ನೀವು ಕಂಡ ಬೆಳಕು ಬರಿಗೈಯಲ್ಲಿ ಅಲೆಯುತ್ತಿರುವ ಅಣುಗಳದು, ಕಬ್ಬಿಣ ಗೆದ್ದುಕೊಂಡ ಗುರುತು ಅದಲ್ಲ.

ಪಯೋವರ್ಡಿನ್ ಕಬ್ಬಿಣವನ್ನು ಹಿಡಿಯುವ ಬಲ ಸುಮಾರು 10ರ 32ನೆಯ ಘಾತದಷ್ಟಿದೆ, ಲೋಹದ ಅಯಾನುಗಳನ್ನು ಹಿಡಿಯುವ, ಲ್ಯಾಬಿನಲ್ಲಿ ನಮಗೆಲ್ಲ ಪರಿಚಿತವಾದ ಇಡಿಟಿಎ ಎಂಬ ರಾಸಾಯನಿಕದ ಹಿಡಿತ 10ರ 25ನೆಯ ಘಾತದಷ್ಟು. ಹೀಗೆ ಹಿಡಿದದ್ದು ಕೋಶದ ಹೊರಪೊರೆಯ ಸಾಮಾನ್ಯ ರಂಧ್ರಗಳಲ್ಲಿ ತೂರಲಾರದಷ್ಟು ದಪ್ಪವಾಗಿರುತ್ತದೆ. ಅದನ್ನು ಗುರುತಿಸಿ ಒಳಗೆಳೆದುಕೊಳ್ಳಲು ಪ್ರತ್ಯೇಕ ಗ್ರಾಹಕ ಪ್ರೋಟೀನ್ ಬೇಕು, ಎಳೆಯುವ ಶಕ್ತಿಯನ್ನು ಒಳಪೊರೆಯಿಂದ ಟಾನ್‌ಬಿ ಎಂಬ ಪ್ರೋಟೀನ್ ಒದಗಿಸುತ್ತದೆ. ಒಳಗೆ ಬಂದ ಮೇಲೆ ಕಬ್ಬಿಣ ಫೆರಸ್ ಆಗಿ ಕಳಚಿಕೊಳ್ಳುತ್ತದೆ, ಖಾಲಿಯಾದ ಪಯೋವರ್ಡಿನ್ ಮತ್ತೆ ಹೊರಕ್ಕೆ ಹೋಗುತ್ತದೆ. ಪಯೋವರ್ಡಿನ್‌ನ ಬಣ್ಣದ ಭಾಗ ಎಲ್ಲ ತಳಿಗಳಲ್ಲೂ ಒಂದೇ ಆದರೂ ಅದಕ್ಕೆ ಜೋಡಿಸಿದ ಅಮಿನೊ ಆಮ್ಲಗಳ ಸರ ಬೇರೆ ಬೇರೆ. ಇಂಥ 50ಕ್ಕೂ ಹೆಚ್ಚು ಬಗೆಗಳು ತಿಳಿದಿವೆ. ಗ್ರಾಹಕ ಪ್ರೋಟೀನ್ ಆ ಸರವನ್ನು ನೋಡಿಯೇ ಬಾಗಿಲು ತೆರೆಯುತ್ತದೆ. ಬೀಗ ಒಬ್ಬನದಾದರೂ ಕೀಲಿ ಹಲವರ ಬಳಿ ಇರಬಹುದು ಎಂಬುದೇ ಈ ಸ್ಪರ್ಧೆಯ ತಿರುಳು.

ಹಾಲೆಂಡಿನ ಆಲೂಗಡ್ಡೆ ಬೇರಿನಿಂದ ಬಂದ ಡಬ್ಲ್ಯುಸಿಎಸ್358 ಎಂಬ ತಳಿ ಇದಕ್ಕೆ ಒಳ್ಳೆಯ ಉದಾಹರಣೆ. ತನ್ನದಲ್ಲದ ಹಲವು ಸ್ಯೂಡೋಮೊನಾಸ್‌ಗಳ ಸಿಡೆರೋಫೋರ್‌ಗಳನ್ನು ಅದು ಒಳಗೆಳೆದುಕೊಳ್ಳಬಲ್ಲದು, ಆದರೆ ಅದರ ಸ್ವಂತ ಸಿಡೆರೋಫೋರ್ ನೆರೆಯ ಬಹುತೇಕರಿಗೆ ದಕ್ಕುವುದಿಲ್ಲ. ನಿಮ್ಮ 7ನೆಯದು ಇದರ ತಿರುವುಮುರುವು ಇರಬಹುದೆಂದು ನನ್ನ ಅನುಮಾನ. ಅದು ಬೆವರು ಸುರಿಸಿ ಹಿಡಿದ ಕಬ್ಬಿಣವನ್ನು ಮಣ್ಣಿನಲ್ಲಿ ಮೊದಲೇ ಇದ್ದ, ಸ್ವತಃ ಸಿಡೆರೋಫೋರ್ ತಯಾರಿಸುವ ಗೋಜಿಗೆ ಹೋಗದ ಕಳ್ಳ ತಳಿಗಳು ಎತ್ತಿಕೊಂಡು ಹೋಗುತ್ತಿರಬಹುದು. ಗ್ರಿಫಿನ್, ವೆಸ್ಟ್ ಮತ್ತು ಬಕ್ಲಿಂಗ್ 2004ರಲ್ಲಿ ಸ್ಯೂಡೋಮೊನಾಸ್ ಏರುಜಿನೋಸಾದಲ್ಲಿ ಇಂಥದ್ದನ್ನೇ ತೋರಿಸಿದ್ದಾರೆ: ದುಡಿಯುವವರ ನಡುವೆ ಬಿಟ್ಟಾಗ ದುಡಿಯದ ತಳಿ ಹೆಚ್ಚುತ್ತದೆ, ಒಂಟಿಯಾಗಿ ಬಿಟ್ಟಾಗ ಸೊರಗುತ್ತದೆ.

ಟೊಮೆಟೊದ ದುಂಡಾಣು ಸೊರಗು ರೋಗದ ಮೇಲೆ ಚೀನಾದ ನಾನ್‌ಜಿಂಗ್ ಕೃಷಿ ವಿಶ್ವವಿದ್ಯಾಲಯದವರೂ ಸಂಗಡಿಗರೂ 2020ರಲ್ಲಿ ಪ್ರಕಟಿಸಿದ ಕೆಲಸ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಬೇರುವಲಯದ 2000ಕ್ಕೂ ಹೆಚ್ಚು ಬ್ಯಾಕ್ಟೀರಿಯಾಗಳನ್ನು ಅವರು ರೋಗಕಾರಕ ರಾಲ್‌ಸ್ಟೋನಿಯಾದೊಂದಿಗೆ ಪರೀಕ್ಷಿಸಿದರು. ಕೆಲವರ ಸಿಡೆರೋಫೋರ್ ರೋಗಕಾರಕವನ್ನು ತಡೆದರೆ, ಇನ್ನು ಕೆಲವರದ್ದು ಅದನ್ನೇ ಪೋಷಿಸಿತು. ಯಾರದು ಎಷ್ಟು ಎನ್ನುವುದಕ್ಕಿಂತ, ರೋಗಕಾರಕಕ್ಕೆ ಅದು ದಕ್ಕುತ್ತದೆಯೋ ಇಲ್ಲವೋ ಎಂಬುದೇ ಗಿಡದ ಆರೋಗ್ಯದ ದಿಕ್ಕನ್ನು ನಿರ್ಧರಿಸಿತ್ತು.

---

ಎರೆಹೊಲ

ತುಂಬ ಧನ್ಯವಾದಗಳು ಸರ್. ಫೆರಿಕ್ ಕ್ಲೋರೈಡ್ ಹನಿಸುವ ಪ್ರಯೋಗವನ್ನು ನಿನ್ನೆಯೇ ಮಾಡಿದೆ, ಹೊಳಪು ನಂದಿದ್ದನ್ನು ಕಂಡು ಲ್ಯಾಬಿನಲ್ಲಿದ್ದವರೆಲ್ಲ ಬಂದು ನೋಡಿದರು. ಒಂದು ಸಂದೇಹ ಉಳಿದಿದೆ. ಸಿಡೆರೋಫೋರ್ ತಯಾರಿಕೆ ಅಷ್ಟು ದುಬಾರಿ ಎಂದಮೇಲೆ, ಬೇರಿನ ಬಳಿ ಇವು ಅದನ್ನು ನಿಜವಾಗಿಯೂ ತಯಾರಿಸುತ್ತಿವೆಯೇ ಎಂದು ತಿಳಿಯುವುದು ಹೇಗೆ? ಮಣ್ಣಿನೊಳಗೆ ದೀಪ ಹಿಡಿದು ನೋಡಲು ಆಗುವುದಿಲ್ಲವಲ್ಲ.

---

ಕಾಲೊನಿ

ಒಳ್ಳೆಯ ಸಂದೇಹ. ಕೋಶದೊಳಗೆ ಸಾಕಷ್ಟು ಕಬ್ಬಿಣವಿರುವಾಗ ಫರ್ ಎಂಬ ಪ್ರೋಟೀನ್ ಫೆರಸ್ ಅಯಾನನ್ನು ಹಿಡಿದುಕೊಂಡು ಸಿಡೆರೋಫೋರ್ ತಯಾರಿಕೆಯ ವಂಶವಾಹಿಗಳನ್ನು ಮುಚ್ಚಿಡುತ್ತದೆ. ಕಬ್ಬಿಣ ಕಡಿಮೆಯಾದಂತೆ ಅದು ಕಳಚಿಕೊಂಡು ತಯಾರಿಕೆ ಶುರುವಾಗುತ್ತದೆ. ಜಾಯ್ಸ್ ಲೋಪರ್ ಮತ್ತು ಸ್ಟೀವನ್ ಲಿಂಡೋ 1994ರಲ್ಲಿ ಇದನ್ನೇ ಬಳಸಿಕೊಂಡು ಒಂದು ಸೊಗಸಾದ ಉಪಾಯ ಹೂಡಿದರು. ಪಯೋವರ್ಡಿನ್‌ನ ಸ್ವಿಚ್ಚಿಗೆ, ನೀರನ್ನು ಬೇಗ ಮಂಜುಗಡ್ಡೆಯಾಗಿಸುವ ಪ್ರೋಟೀನಿನ ವಂಶವಾಹಿಯನ್ನು ಜೋಡಿಸಿದರು. ಬೇರನ್ನು ತೊಳೆದ ನೀರಿನ ಹನಿಗಳನ್ನು ಸೊನ್ನೆಗಿಂತ ಕೆಳಗೆ ತಣಿಸಿ, ಎಷ್ಟು ಹನಿಗಳು ಹೆಪ್ಪುಗಟ್ಟಿದವು ಎಂದು ಎಣಿಸಿದರೆ ಬ್ಯಾಕ್ಟೀರಿಯಾಗಳಿಗೆ ಕಬ್ಬಿಣದ ಬರ ಎಷ್ಟಿತ್ತೆಂದು ಗೊತ್ತಾಗುತ್ತದೆ. ಹೀಗೆ ನೋಡಿದಾಗ ಬೇರಿನ ಬಳಿ ಬರವಿರುವುದು ನಿಜವೆಂದು ತಿಳಿಯಿತು. ಆದರೆ ಮುಂದಿನ ಪ್ರಯೋಗಗಳಲ್ಲಿ ಈ ಸೂಚನೆ ಬ್ಯಾಕ್ಟೀರಿಯಾ ಹಾಕಿದ ಮೊದಲ ದಿನದ ಸುಮಾರಿಗೆ ಹೆಚ್ಚಿದ್ದು ಆಮೇಲೆ ಇಳಿಯಿತು. ನಿಮ್ಮ 7ನೆಯ ತಳಿಯ ಅಬ್ಬರ ಬಹುಶಃ ಬೀಜ ಮೊಳೆಯುವ ಹೊತ್ತಿನ ಕೆಲವು ಗಂಟೆಗಳ ಮಾತಾಗಿರಬಹುದು.

---

ಬೇರುಬಿಳಲು

ಎರಡನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ಸಸ್ಯಶರೀರಶಾಸ್ತ್ರ ನನ್ನ ವಿಷಯವಾದ್ದರಿಂದ ಅದನ್ನು ನಾನು ತೆಗೆದುಕೊಳ್ಳುತ್ತೇನೆ, ಜೊತೆಗೆ ಮೇಲಿನ ಉತ್ತರದ ಬಗ್ಗೆ ಒಂದು ತಕರಾರನ್ನೂ ದಾಖಲಿಸುತ್ತೇನೆ.

ಕಡಲೆಯಂಥ ದ್ವಿದಳ ಗಿಡಗಳು ಬೇರಿನಿಂದ ಪ್ರೋಟಾನ್‌ಗಳನ್ನು ಹೊರಬಿಟ್ಟು ಸುತ್ತಲಿನ ಮಣ್ಣನ್ನು ಆಮ್ಲೀಯವಾಗಿಸಿ, ಬೇರಿನ ಮೇಲ್ಮೈಯಲ್ಲಿರುವ ಕಿಣ್ವದಿಂದ ಫೆರಿಕ್ಕನ್ನು ಫೆರಸ್ ಆಗಿಸಿ ಹೀರಿಕೊಳ್ಳುತ್ತವೆ. ಜೋಳ, ಗೋಧಿ, ಬಾರ್ಲಿಯಂಥ ಹುಲ್ಲಿನ ಜಾತಿಯವು ತಾವೇ ಒಂದು ಬಗೆಯ ಸಿಡೆರೋಫೋರ್ ಬಿಟ್ಟು, ಕಬ್ಬಿಣ ಸಮೇತ ಅದನ್ನು ಮರಳಿ ಎಳೆದುಕೊಳ್ಳುತ್ತವೆ. ಇದನ್ನು ಜಪಾನಿನ ಟಕಾಗಿ 1976ರಲ್ಲಿ ಗುರುತಿಸಿದರು. ಬಾರ್ಲಿ ಇದನ್ನು ದಿನವಿಡೀ ಬಿಡುವುದಿಲ್ಲ. ಹೊತ್ತು ಮೂಡಿದ ಕೆಲವು ಗಂಟೆಗಳೊಳಗೆ, ಬೇರಿನ ತುದಿಯ ಹಿಂದಿನ ಎಳೆಯ ಭಾಗದಿಂದ ಒಂದೇ ಸಲಕ್ಕೆ ಸುರಿಯುತ್ತದೆ. ಬ್ಯಾಕ್ಟೀರಿಯಾಗಳ ದಟ್ಟಣೆ ಇರುವುದು ಹಿಂದಿನ ಬಲಿತ ಭಾಗದಲ್ಲಿ. ಅವು ಎಚ್ಚೆತ್ತು ಬಂದು ಆ ಅಣುವನ್ನು ತಿಂದುಹಾಕುವ ಮೊದಲೇ ಗಿಡ ತನ್ನ ಕೆಲಸ ಮುಗಿಸಿಕೊಂಡಿರುತ್ತದೆ. ಮನೆಯಲ್ಲಿ ಎಲ್ಲರೂ ಏಳುವ ಮೊದಲು ನೀರು ಹಿಡಿದಿಟ್ಟುಕೊಳ್ಳುವ ನಮ್ಮ ಅಜ್ಜಿಯ ನೆನಪಾಗುತ್ತದೆ.

ಗಿಡ ಉಪವಾಸ ಬೀಳುತ್ತದೆಯೇ ಎಂದರೆ, ಬೀಳಲೇಬೇಕೆಂದೇನೂ ಇಲ್ಲ. ಸೂಕ್ಷ್ಮಜೀವಿಗಳ ಸಿಡೆರೋಫೋರ್ ಗಿಡಕ್ಕೆ ಒಳ್ಳೆಯ ಕಬ್ಬಿಣದ ಮೂಲವಲ್ಲವೆಂದು ಕೆಲವು ಹಳೆಯ ಪ್ರಯೋಗಗಳು ಹೇಳಿದ್ದವು. ಆದರೆ ಫ್ರಾನ್ಸಿನ ದಿಜಾನ್‌ನ ತಂಡ 2007ರಲ್ಲಿ, ಅರಾಬಿಡಾಪ್ಸಿಸ್ ಗಿಡ ಪಯೋವರ್ಡಿನ್ ಹಿಡಿದ ಕಬ್ಬಿಣವನ್ನು ಪಡೆಯಬಲ್ಲದೆಂದು ತೋರಿಸಿತು. ಗಿಡಕ್ಕೆ ದಕ್ಕಿ ಶಿಲೀಂಧ್ರಕ್ಕೆ ದಕ್ಕದ ಕಬ್ಬಿಣ ಎಂದರೆ ನಿಮಗೆ ಬೇಕಾದದ್ದೇ ಅದು. ಇನ್ನೊಂದು ದಾರಿ ನೆರೆಬೆಳೆಯದು. ಉತ್ತರ ಚೀನಾದ ಸುಣ್ಣದ ಮಣ್ಣಿನಲ್ಲಿ ಒಂಟಿಯಾಗಿ ಬೆಳೆದು ಹಳದಿಯಾಗುವ ಶೇಂಗಾ, ಹುಲ್ಲಿನ ಜಾತಿಯದೇ ಆದ ಮೆಕ್ಕೆಜೋಳದ ಸಾಲಿನ ಪಕ್ಕದಲ್ಲಿ ಹಸಿರಾಗಿ ಉಳಿಯುತ್ತದೆ. ಅಕ್ಕಡಿ ಬೆಳೆಯನ್ನು ಕಣ್ಣಾರೆ ಕಂಡು ಬೆಳೆದ ನಮಗೆ ಇದು ಅಷ್ಟೇನೂ ಅಚ್ಚರಿಯ ಸಂಗತಿಯಲ್ಲ.

ಇನ್ನು ತಕರಾರು. 11ನೆಯ ತಳಿ ಗೆದ್ದದ್ದು ಕಬ್ಬಿಣದ ಸ್ಪರ್ಧೆಯಿಂದಲೇ ಎಂದು ಈಗಲೇ ಒಪ್ಪಬೇಡಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಗೋಧಿಯ ಬೇರುಕೊಳೆ ತಡೆಯುತ್ತಿದ್ದ 2-79 ಎಂಬ ಸ್ಯೂಡೋಮೊನಾಸ್ ತಳಿಯ ಗುಟ್ಟು ಸಿಡೆರೋಫೋರ್ ಎಂದೇ ಮೊದಮೊದಲು ಅನ್ನಿಸಿತ್ತು. ಒಂದೊಂದೇ ವಂಶವಾಹಿ ಕೆಡಿಸಿ ನೋಡಿದಾಗ ಮುಖ್ಯ ಪಾತ್ರ ಫೆನಜಿನ್ ಎಂಬ ಪ್ರತಿಜೈವಿಕದ್ದೆಂದೂ, ಹೊಳೆಯುವ ಸಿಡೆರೋಫೋರ್‌ನ ಪಾತ್ರ ಬಹಳ ಕಡಿಮೆಯೆಂದೂ ತಿಳಿಯಿತು. ಮತ್ತೆ, ಮೂಲಂಗಿಯಲ್ಲಿ ಡಬ್ಲ್ಯುಸಿಎಸ್374 ತಳಿಯ ಸಿಡೆರೋಫೋರ್ ಶಿಲೀಂಧ್ರವನ್ನು ಮುಟ್ಟದೆಯೇ, ಗಿಡದ ರೋಗನಿರೋಧವನ್ನು ಎಚ್ಚರಿಸಿ ಕೆಲಸ ಮಾಡಿದ್ದೂ ಉಂಟು. ಹೆಸರು ಒಂದೇ ಆದರೂ ಕೆಲಸ ಬೇರೆ.

---

ಕಾಲೊನಿ

ತಕರಾರು ಸರಿಯಾಗಿದೆ, ನನ್ನ ಉತ್ತರದಲ್ಲಿ ಆ ಎಚ್ಚರಿಕೆ ಇರಬೇಕಿತ್ತು. ಇದನ್ನು ಪರೀಕ್ಷಿಸುವ ಹಳೆಯ ಹಾಗೂ ಅಗ್ಗದ ದಾರಿ ಕಬ್ಬಿಣವನ್ನೇ ಸುರಿದು ನೋಡುವುದು. ಕ್ಲೋಪರ್, ಶ್ರೋತ್ ಮತ್ತು ಸಂಗಡಿಗರು 1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಿ10 ಎಂಬ ತಳಿಯಿಂದ, ಅಷ್ಟೇ ಏಕೆ ಅದರ ಶುದ್ಧ ಸಿಡೆರೋಫೋರ್‌ನಿಂದಲೇ, ಫ್ಯುಸೇರಿಯಂ ಸೊರಗು ರೋಗವನ್ನು ತಗ್ಗಿಸಿದರು. ಮಣ್ಣಿಗೆ ಕಬ್ಬಿಣ ಸೇರಿಸಿದಾಗ ಆ ರಕ್ಷಣೆ ಮಾಯವಾಯಿತು. ಶೆರ್ ಮತ್ತು ಬೇಕರ್ 1982ರಲ್ಲಿ ಇದನ್ನು ಇನ್ನೂ ಚೊಕ್ಕಟವಾಗಿ ತೋರಿಸಿದರು. ಕಬ್ಬಿಣವನ್ನು ಸಡಿಲವಾಗಿ ಹಿಡಿಯುವ ಇಡಿಟಿಎ ರೂಪ ಕೊಟ್ಟಾಗ ರೋಗಕ್ಕೆ ಅನುಕೂಲವಾಯಿತು. ಬಹಳ ಬಿಗಿಯಾಗಿ ಹಿಡಿಯುವ ಇಡಿಡಿಎಚ್‌ಎ ಕೊಟ್ಟಾಗ ಬ್ಯಾಕ್ಟೀರಿಯಾ ಇಲ್ಲದೆಯೂ ರೋಗ ತಗ್ಗಿತು.

---

ತೋಟದಮನೆ

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ, ನಾನು ರೈತ. ಟಾಲ್ಕ್ ಪುಡಿಯಲ್ಲಿ ಬರುವ ಸ್ಯೂಡೋಮೊನಾಸನ್ನು ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ಹಾಕುವಾಗ, ಹೇಗೂ ಕೆಲಸ ಆಗುತ್ತದೆಂದು ಜೊತೆಗೇ ಅನ್ನಭೇದಿಯನ್ನೂ (ಫೆರಸ್ ಸಲ್ಫೇಟ್) ಬೆರೆಸಿ ಹಾಕಿದ್ದೆ. ಮೇಲಿನದನ್ನು ಓದಿದ ಮೇಲೆ ನಾನೇ ನನ್ನ ಕೆಲಸ ಕೆಡಿಸಿಕೊಂಡೆನೇ ಎಂಬ ಚಿಂತೆ ಹತ್ತಿದೆ.

---

ಮಣ್ಣುಮಾತು

ಚಿಂತೆ ಬೇಡ, ಆದರೆ ಮುಂದೆ ಹಾಗೆ ಮಾಡಬೇಡಿ. ಸುಣ್ಣದ ಮಣ್ಣಿಗೆ ಬಿದ್ದ ಅನ್ನಭೇದಿ ಬೇಗನೆ ತುಕ್ಕಾಗಿ ಕೂರುವುದರಿಂದ ಬೆಳೆಗೆ ಸಿಗುವುದು ಅತ್ಯಲ್ಪ. ಗೊಬ್ಬರದ ಗುಡ್ಡೆಯಲ್ಲಿ ಕಬ್ಬಿಣ ಧಾರಾಳವಾಗಿರುವಷ್ಟು ಹೊತ್ತು ಬ್ಯಾಕ್ಟೀರಿಯಾ ಸಿಡೆರೋಫೋರ್ ತಯಾರಿಸುವ ಗೋಜಿಗೂ ಹೋಗುವುದಿಲ್ಲ. ಎಲೆ ಹಳದಿಯಾಗಿದ್ದರೆ ಅನ್ನಭೇದಿಯನ್ನು ಶೇ. 0.5ರ ದ್ರಾವಣ ಮಾಡಿ, ಸ್ವಲ್ಪ ಸಿಟ್ರಿಕ್ ಆಮ್ಲ ಸೇರಿಸಿ, ಬಿಸಿಲಿಳಿದ ಮೇಲೆ ಎಲೆಗೆ ಸಿಂಪಡಿಸಿ. ಎಲೆಗೆ ಕೊಟ್ಟ ಕಬ್ಬಿಣ ಎಲೆಯಲ್ಲೇ ಬಳಕೆಯಾಗುತ್ತದೆ, ಬೇರಿನ ಬಳಿಯ ಲೆಕ್ಕಾಚಾರಕ್ಕೆ ಅಡ್ಡ ಬರುವುದು ಕಡಿಮೆ.

---

ಎರೆಹೊಲ

ಎಲ್ಲರಿಗೂ ಋಣಿಯಾಗಿದ್ದೇನೆ. ಮಾರ್ಗದರ್ಶಕರೊಂದಿಗೆ ಮಾತನಾಡಿ ಮುಂದಿನ ಕೆಲಸವನ್ನು ಹೀಗೆ ಯೋಚಿಸಿದ್ದೇನೆ. ಮೊದಲು 7ನೆಯ ತಳಿ ಬೆಳೆದ ದ್ರವವನ್ನು ಸೋಸಿ, ಕಬ್ಬಿಣದ ಬರವಿರುವ ಮಾಧ್ಯಮದಲ್ಲಿ 11ನೆಯದಕ್ಕೂ ಉಳಿದ ಹನ್ನೊಂದಕ್ಕೂ ಫ್ಯುಸೇರಿಯಂಗೂ ಕೊಟ್ಟು, ಅದರಿಂದ ಯಾರು ಚಿಗುರುತ್ತಾರೆ, ಯಾರು ಸೊರಗುತ್ತಾರೆ ಎಂದು ನೋಡುತ್ತೇನೆ. ಆಮೇಲೆ 11ನೆಯದರ ದ್ರವದಿಂದಲೂ ಅದೇ ಪರೀಕ್ಷೆ. ಎರಡೂ ತಳಿಗಳ ರಿಫಾಂಪಿಸಿನ್ ಎಂಬ ಪ್ರತಿಜೈವಿಕವನ್ನು ತಾಳಿಕೊಳ್ಳುವ ರೂಪಗಳನ್ನು ಆರಿಸಿಕೊಂಡು, ಬಿತ್ತಿದ ಮೂರನೆಯ, ಹತ್ತನೆಯ ಹಾಗೂ ಇಪ್ಪತ್ತನೆಯ ದಿನ ಬೇರಿನ ಮೇಲೆ ಎಷ್ಟೆಷ್ಟು ಉಳಿದಿವೆ ಎಂದು ಎಣಿಸಬೇಕು. 7ನೆಯದು ಬೇರಿನ ಮೇಲೆ ನಿಲ್ಲುತ್ತಲೇ ಇಲ್ಲವಾದರೆ ಮಿಕ್ಕ ಚರ್ಚೆಯೇ ಬೇರೆಯಾಗುತ್ತದೆ. ಕೊನೆಯದಾಗಿ 11ನೆಯದರ ಕುಂಡಗಳಲ್ಲಿ ಅರ್ಧಕ್ಕೆ ಇಡಿಟಿಎ ಕಬ್ಬಿಣ ಕೊಟ್ಟು, ರಕ್ಷಣೆ ಉಳಿಯುತ್ತದೋ ಹೋಗುತ್ತದೋ ನೋಡುತ್ತೇನೆ. ಕಡಲೆ ಹಿಂಗಾರಿಯ ಬೆಳೆಯಾದ್ದರಿಂದ ಕುಂಡಗಳ ಕೆಲಸ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ. ಸೋಸಿದ ದ್ರವದ ಪರೀಕ್ಷೆಯ ಫಲಿತಾಂಶ ಅದಕ್ಕೂ ಮೊದಲೇ ಬಂದರೆ ಇಲ್ಲೇ ಹಾಕುತ್ತೇನೆ.